ಕೈಯಿಂದ ಕೈಗೆ ದಾಟುವಾಗ: ಹೃದಯ ಮತ್ತು ಶ್ವಾಸಕೋಶ ಕಸಿಯ ಸುರಕ್ಷತೆ

(ಮೈಸೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಸ್ಪತ್ರೆ ಸಿಬ್ಬಂದಿ ಮತ್ತು ಸಾರ್ವಜನಿಕರ ಮುಂದೆ ಹೃದಯ ಶಸ್ತ್ರಚಿಕಿತ್ಸಾ ವಿಭಾಗದ ಅರಿವಳಿಕೆ ತಜ್ಞರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ. ಮಂಡ್ಯದ ಕಡೆಯಿಂದ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ಸಂಗತಿಯೊಂದರಿಂದಲೇ ಮಾತು ಆರಂಭಿಸುತ್ತೇನೆ. ಕನ್ನಂಬಾಡಿಯಿಂದ ಬಿಟ್ಟ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, ಉಪನಾಲೆಗೆ ತಿರುಗಿ, ತೂಬು ದಾಟಿ ಗದ್ದೆಗೆ ಬರುತ್ತದೆ. ನೀರು ಎಲ್ಲಿ ತಪ್ಪಿತು ಎಂದು ಕೊನೆ ಭಾಗದ ರೈತರನ್ನು ಕೇಳಿದರೆ ಅವರು ಅಣೆಕಟ್ಟನ್ನು ದೂರುವುದಿಲ್ಲ, ಇಂಥ ತೂಬಿನ ಹತ್ತಿರ ಹೋಗಿ ನೋಡಿ ಎನ್ನುತ್ತಾರೆ. ಹೃದಯ ಮತ್ತು ಶ್ವಾಸಕೋಶ ಕಸಿಯ ಬಗ್ಗೆ ಇಷ್ಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತು ನಾನು ಕಲಿತದ್ದೂ ಇದನ್ನೇ. ಅನಾಹುತಗಳು ಹೆಚ್ಚಾಗಿ ನಡೆಯುವುದು ಶಸ್ತ್ರಚಿಕಿತ್ಸಕರ ಕೈಯಲ್ಲಿ ಸೂಜಿ ಇರುವಾಗ ಅಲ್ಲ. ಅಂಗವೋ, ಮಾಹಿತಿಯೋ, ರೋಗಿಯೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯಲ್ಲಿ. ಆ ಗಳಿಗೆಗಳನ್ನು ಒಂದೊಂದಾಗಿ ನಿಮ್ಮ ಮುಂದೆ ತೆರೆದಿಡುವುದು ಇವತ್ತಿನ ಉದ್ದೇಶ.

ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1963ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಹಾರ್ಡಿ ಮನುಷ್ಯರಲ್ಲಿ ಮೊದಲ ಶ್ವಾಸಕೋಶ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ಆ ರೋಗಿಯೂ ಬದುಕಿದ್ದು 18 ದಿನವೇ. ಹೊಲಿಗೆ ಬಿಚ್ಚಿರಲಿಲ್ಲ, ಹೊಸ ಹೃದಯ ಬಡಿಯುತ್ತಲೇ ಇತ್ತು. ದೇಹ ಆ ಹೃದಯವನ್ನು ತಿರಸ್ಕರಿಸದಿರಲಿ ಎಂದು ಕೊಟ್ಟ ಔಷಧಿಗಳು ರೋಗನಿರೋಧಕ ಶಕ್ತಿಯನ್ನೇ ಉಡುಗಿಸಿದ್ದರಿಂದ ನ್ಯುಮೋನಿಯಾ ಅವರನ್ನು ಕೊಂಡೊಯ್ದಿತು. ಮರುವರ್ಷ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಹೃದಯ ಕಸಿಗಳು ನಡೆದವು. ಮುಂಬಯಿಯಲ್ಲಿ ಪಿ.ಕೆ. ಸೇನ್ ಅವರೂ ಆ ವರ್ಷ ಪ್ರಯತ್ನಿಸಿದರು. ಬಹುತೇಕ ರೋಗಿಗಳು ಬೇಗನೆ ತೀರಿಕೊಂಡಾಗ ಒಂದೊಂದೇ ಆಸ್ಪತ್ರೆ ಕೈಬಿಟ್ಟಿತು. ಪಟ್ಟು ಬಿಡದೆ ಮುಂದುವರಿದವರು ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್‌ವೇ. ಹೃದಯದ ಒಳಗೋಡೆಯಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ವಿಧಾನವೂ, 1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೈಕ್ಲೋಸ್ಪೋರಿನ್ ಎಂಬ ಔಷಧಿಯೂ ಬಂದ ಮೇಲೆ ಕಸಿ ನಂಬಬಹುದಾದ ಚಿಕಿತ್ಸೆಯಾಯಿತು. ನಮ್ಮ ದೇಶದಲ್ಲಿ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಮೊದಲ ಯಶಸ್ವಿ ಹೃದಯ ಕಸಿ ನಡೆಸಿತು. ಹೊಲಿಗೆಯ ಕೌಶಲ ಮೊದಲಿನಿಂದಲೂ ಇತ್ತು. ಕೊರತೆ ಇದ್ದದ್ದು ಹೊಲಿಗೆಯ ಹಿಂದೆ ಮುಂದೆ ನಡೆಯಬೇಕಾದ ಕೆಲಸಗಳಲ್ಲಿ.

ಮೊದಲ ಕೈ ಬದಲಾವಣೆ ನಡೆಯುವುದು ದಾನಿಯ ಹಾಸಿಗೆಯ ಪಕ್ಕದಲ್ಲಿ. ನಮ್ಮ ಭಾಗದಲ್ಲಿ ದಾನಿ ಎಂದರೆ ಅನೇಕ ಬಾರಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ಯುವಕ. ಮಿದುಳು ಸಂಪೂರ್ಣ ನಿಷ್ಕ್ರಿಯವಾಗಿದೆ ಎಂಬುದನ್ನು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಗಂಟೆಗಳಲ್ಲಿ ಏನಾಗುತ್ತದೆ ಎಂಬುದರ ಮೇಲೆ ದೂರದ ಊರಿನಲ್ಲಿ ಕಾಯುತ್ತಿರುವ ಇನ್ನೊಬ್ಬರ ಉಸಿರು ನಿಂತಿರುತ್ತದೆ. ಶ್ವಾಸಕೋಶ ಬಲು ನಾಜೂಕಿನ ಅಂಗ. ಹೃದಯ, ಮೂತ್ರಪಿಂಡ, ಯಕೃತ್ತು ಕಸಿಗೆ ಒದಗುವ ಎಷ್ಟೋ ದಾನಿಗಳಲ್ಲಿ ಶ್ವಾಸಕೋಶ ಮಾತ್ರ ಒದಗುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಒಳಗೆ ಇಳಿದಿರುತ್ತದೆ, ಕಫ ಕಟ್ಟಿರುತ್ತದೆ, ಇಲ್ಲವೇ ವೆಂಟಿಲೇಟರ್ ಅದನ್ನು ಹಿಗ್ಗಿಸಿ ಹಾಳುಮಾಡಿರುತ್ತದೆ. 2010ರಲ್ಲಿ ಯುರೋಪಿನ ತಂಡವೊಂದು ಇದನ್ನು ಪರೀಕ್ಷಿಸಿತು. ದಾನಿಗಳ ಒಂದು ಗುಂಪಿಗೆ ವೆಂಟಿಲೇಟರಿನಲ್ಲಿ ರೂಢಿಯಂತೆ ದೊಡ್ಡ ಉಸಿರನ್ನು ಕೊಟ್ಟರು. ಇನ್ನೊಂದು ಗುಂಪಿಗೆ, ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿದ ದೇಹತೂಕದ ಪ್ರತಿ ಕಿಲೋಗೆ 6ರಿಂದ 8 ಮಿಲಿಲೀಟರಿನಷ್ಟು ಚಿಕ್ಕ ಉಸಿರು ಕೊಟ್ಟು, ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಒತ್ತಡವನ್ನು ತುಸು ಹೆಚ್ಚಿಟ್ಟರು. ಮೊದಲ ಗುಂಪಿನಲ್ಲಿ ಶೇ 27ರಷ್ಟು ದಾನಿಗಳ ಶ್ವಾಸಕೋಶ ಬಳಕೆಗೆ ಬಂದರೆ ಎರಡನೆಯದರಲ್ಲಿ ಶೇ 54ರಷ್ಟು ಬಂತು. ಹೊಸ ಯಂತ್ರ ತರಲಿಲ್ಲ, ಹೊಸ ಔಷಧಿ ಕೊಡಲಿಲ್ಲ. ಇದ್ದ ವೆಂಟಿಲೇಟರಿನ ಗುಂಡಿಗಳನ್ನು ಸರಿಯಾದ ಅಂಕಿಗೆ ತಿರುಗಿಸಿದರು, ಅಷ್ಟೇ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಈ ಅಂಕಿಗಳನ್ನು ಬರೆದುಕೊಳ್ಳಿ. ರಾತ್ರಿ ಪಾಳಿಯಲ್ಲಿ ಹಾಸಿಗೆಯ ತಲೆಭಾಗವನ್ನು 30 ಡಿಗ್ರಿಗೆ ಏರಿಸಿ, ಹೊತ್ತುಹೊತ್ತಿಗೆ ಕಫ ತೆಗೆಯುವ ನರ್ಸ್, ಮುಖವನ್ನೂ ನೋಡದ ರೋಗಿಯೊಬ್ಬರಿಗೆ ಚಿಕಿತ್ಸೆ ಮಾಡುತ್ತಿದ್ದಾರೆ.

ಎರಡನೆಯದು ರಕ್ತದ ಗುಂಪು. ಇಲ್ಲಿ ನಾನು ತುಸು ಹೊತ್ತು ನಿಲ್ಲುತ್ತೇನೆ. 2003ರಲ್ಲಿ ಅಮೆರಿಕದ ಹೆಸರಾಂತ ಆಸ್ಪತ್ರೆಯೊಂದರಲ್ಲಿ ಓ ಗುಂಪಿನ 17 ವರ್ಷದ ಹುಡುಗಿಗೆ ಎ ಗುಂಪಿನ ದಾನಿಯ ಹೃದಯ ಮತ್ತು ಶ್ವಾಸಕೋಶಗಳನ್ನು ಕಸಿ ಮಾಡಿದರು. ಅನುಭವಿ ಶಸ್ತ್ರಚಿಕಿತ್ಸಕರು, ದೊಡ್ಡ ತಂಡ, ಎಲ್ಲ ಸೌಕರ್ಯವೂ ಇತ್ತು. ಗುಂಪು ಹೊಂದುತ್ತದೆಯೇ ಎಂಬುದನ್ನು ಇನ್ನೊಬ್ಬರು ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು. ಎರಡು ವಾರಗಳೊಳಗೆ ಮತ್ತೊಂದು ಕಸಿ ಮಾಡಿದರೂ ಆ ಮಗು ಉಳಿಯಲಿಲ್ಲ. ಅನಂತರ ಅಲ್ಲಿ, ಅಂಗವನ್ನು ಒಪ್ಪಿಕೊಳ್ಳುವಾಗ, ತೆಗೆಯುವಾಗ, ಕಸಿ ಮಾಡುವಾಗ ಬೇರೆ ಬೇರೆ ವ್ಯಕ್ತಿಗಳು ರಕ್ತದ ಗುಂಪನ್ನು ಮೂಲ ದಾಖಲೆಯಿಂದಲೇ ಓದಿ ತಾಳೆ ನೋಡಬೇಕೆಂಬ ನಿಯಮಗಳು ಬಿಗಿಯಾದವು.

ಇದು ದೂರದ ದೇಶದ ಮಾತೆಂದು ನೀವು ಭಾವಿಸಬಾರದು, ಆದ್ದರಿಂದ ನಾನು ಕಂಡದ್ದನ್ನೂ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ರಾತ್ರಿ ಹನ್ನೊಂದರ ಮೇಲೆ ದಾನಿಯ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಮ್ಮ ಕಡೆಯವರು, "ದಾನಿಯದು ಎ ಪಾಸಿಟಿವ್ ಅಲ್ವೇ?" ಎಂದು ಕೇಳಿದರು. ಆ ಕಡೆಯಿಂದ "ಓ..." ಎಂದು ಕೇಳಿಸಿ ಮಾತು ಕಡಿಯಿತು. ನಮ್ಮಲ್ಲಿ ಯಾರಾದರೂ ಕರೆದರೆ 'ಓ' ಎನ್ನುತ್ತೇವೆ. ಒಪ್ಪಿಗೆಗೂ ಕೆಲವರು ಹಾಗೆಯೇ ಅನ್ನುತ್ತಾರೆ. ಹೌದು ಎಂದಿದ್ದಾರೆ ಎಂದುಕೊಂಡು ಬಿಳಿ ಬೋರ್ಡಿನ ಮೇಲೆ ಎ ಪಾಸಿಟಿವ್ ಎಂದು ಬರೆದದ್ದಾಯಿತು. ಅವರು ಹೇಳಹೊರಟಿದ್ದು ಓ ಪಾಸಿಟಿವ್ ಎಂದು. ಥಿಯೇಟರಿನ ಹಿರಿಯ ನರ್ಸ್ ಒಬ್ಬರು ಬೋರ್ಡನ್ನು ನೋಡಿ, "ಪ್ರಯೋಗಾಲಯದ ಕಾಗದ ಎಲ್ಲಿ ಸಾರ್? ಕಾಗದ ಕಣ್ಣಲ್ಲಿ ಕಾಣೋವರೆಗೆ ನಾನು ರೋಗಿಯನ್ನು ಒಳಗೆ ತಗೊಳ್ಳೋದಿಲ್ಲ" ಎಂದರು. ಎಲ್ಲರಿಗೂ ಅವಸರವಿತ್ತು, ಒಂದಿಬ್ಬರು ಗದರಿದರು ಕೂಡ. ಅವರು ಬಾಗಿಲ ಬಳಿ ಟ್ರಾಲಿಯ ಕಂಬಿ ಹಿಡಿದು ನಿಂತೇ ಇದ್ದರು. ವಾಟ್ಸ್ಆಪ್‌ನಲ್ಲಿ ವರದಿಯ ಚಿತ್ರ ಬಂದಾಗ ಬೋರ್ಡನ್ನು ಒರೆಸಬೇಕಾಯಿತು. ಆ ದಿನದಿಂದ ರಕ್ತದ ಗುಂಪನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಗದರಿಸಿಕೊಂಡರೂ ಕದಲದೆ ನಿಲ್ಲುವ ಒಬ್ಬರು ತಂಡದಲ್ಲಿ ಇರಬೇಕು. ಅವರು ನಿಂತಾಗ ಹಿರಿಯ ವೈದ್ಯರು ಕಾಯಬೇಕು.

ಓ ಗುಂಪಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. 1952ರಲ್ಲಿ ಮುಂಬಯಿಯಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ 'ಬಾಂಬೆ ಗುಂಪು' ಎಂಬ ಅಪರೂಪದ ರಕ್ತವಿದೆ. ಕೆಂಪು ಕಣಗಳನ್ನಷ್ಟೇ ಪರೀಕ್ಷಿಸಿದರೆ ಅದು ಓ ಎಂದೇ ತೋರುತ್ತದೆ. ಆದರೆ ಅಂಥವರಿಗೆ ಓ ಗುಂಪಿನ ರಕ್ತವೂ ಒಗ್ಗುವುದಿಲ್ಲ. ಆದ್ದರಿಂದ ಕಣಗಳ ಪರೀಕ್ಷೆಯೊಂದಿಗೆ ರಕ್ತದ ತಿಳಿಯಲ್ಲಿರುವ ಪ್ರತಿಕಾಯಗಳ, ಅಂದರೆ ಹೊರಗಿನದರ ಮೇಲೆ ಎರಗುವ ಆಂಟಿಬಾಡಿಗಳ, ಪರೀಕ್ಷೆಯೂ ಆಗಲೇಬೇಕು. ಹಾಗೆಯೇ ಹಲವು ಬಾರಿ ರಕ್ತ ಏರಿಸಿಕೊಂಡವರಲ್ಲಿ, ಹೆಚ್ಚು ಹೆರಿಗೆಯಾದ ತಾಯಂದಿರಲ್ಲಿ, ಪರರ ಅಂಗಾಂಶದ ವಿರುದ್ಧ ಪ್ರತಿಕಾಯಗಳು ಮೊದಲೇ ಬೆಳೆದಿರಬಹುದು. "ಎಷ್ಟು ಮಕ್ಕಳಮ್ಮಾ? ಹೆರಿಗೆಯಲ್ಲಿ ರಕ್ತ ಕೊಟ್ಟಿದ್ದರಾ?" ಎಂಬ ಸರಳ ಪ್ರಶ್ನೆ ಕಸಿಯ ಸುರಕ್ಷತೆಯ ಪ್ರಶ್ನೆಯೂ ಹೌದು.

ಮೂರನೆಯದು ದಾರಿ. ಮೈಸೂರಿನಿಂದ ಬೆಂಗಳೂರಿಗೆ ಝೀರೋ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಹೋಗುವಾಗ ಮದ್ದೂರು, ಚನ್ನಪಟ್ಟಣಗಳಲ್ಲಿ ಜನ ರಸ್ತೆಬದಿಯಲ್ಲಿ ನಿಂತು ಕೈಮುಗಿಯುವುದನ್ನು ಕಂಡಾಗ ನನ್ನ ಕಣ್ಣೂ ತುಂಬಿದೆ. ಪೊಲೀಸರ ಆ ಸೇವೆಗೆ ನಾವು ಋಣಿಗಳು. ಆದರೂ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ದಾನಿಯ ಹೃದಯಕ್ಕೆ ರಕ್ತ ಹರಿಯುವುದು ನಿಂತ ಕ್ಷಣದಿಂದ ರೋಗಿಯ ಎದೆಯಲ್ಲಿ ಮತ್ತೆ ರಕ್ತ ಹರಿಯುವ ಕ್ಷಣದವರೆಗೆ ಸುಮಾರು 4 ಗಂಟೆ ಮೀರಬಾರದು. ಶ್ವಾಸಕೋಶಕ್ಕೆ ಸುಮಾರು 6 ಗಂಟೆ. ಅಂಗ ತೆಗೆದು ಕಟ್ಟಲು ಅರ್ಧ ಗಂಟೆ, ಹೊಲಿದು ಕೂರಿಸಲು ಒಂದು ಗಂಟೆ ಹಿಡಿದರೆ ರಸ್ತೆಗೆ ಉಳಿಯುವುದು ಎರಡೂವರೆ ಗಂಟೆ. ಸುಮಾರು 145 ಕಿಲೋಮೀಟರಿನ ದಾರಿಗೆ ಅದು ಸಾಕು. ಸಾಲದೆ ಬರುವುದು ಆಸ್ಪತ್ರೆಯ ಒಳಗೆ. ಕಸಿ ಪಡೆಯುವವರಿಗೆ ಮೊದಲೇ ಒಮ್ಮೆ ಹೃದಯದ ಆಪರೇಷನ್ ಆಗಿದ್ದರೆ ಎದೆಮೂಳೆಯ ಹಿಂದೆ ಎಲ್ಲವೂ ಅಂಟಿಕೊಂಡಿರುತ್ತದೆ. ಎದೆ ತೆರೆಯುವುದಕ್ಕೇ ಗಂಟೆ ಎರಡು ಗಂಟೆ ಬೇಕು. ಇದನ್ನು ಮೊದಲೇ ಲೆಕ್ಕ ಹಾಕದಿದ್ದರೆ ಹೃದಯವಿರುವ ಪೆಟ್ಟಿಗೆ ಬಾಗಿಲಿಗೆ ಬಂದಾಗ ಒಳಗೆ ಇನ್ನೂ ಅಂಟು ಬಿಡಿಸುತ್ತಿರುತ್ತಾರೆ. ಆದ್ದರಿಂದ ಎರಡು ಥಿಯೇಟರುಗಳ ನಡುವೆ ಒಬ್ಬರು ಫೋನ್ ಹಿಡಿದು ಕೂತಿರಬೇಕು. ಅವರಿಗೆ ಬೇರೆ ಕೆಲಸ ಕೊಡಬಾರದು. ದಾನಿಯ ಎದೆ ತೆರೆದು ಹೃದಯವನ್ನು ಕಣ್ಣಾರೆ ಕಂಡು, ಕೈಯಲ್ಲಿ ಮುಟ್ಟಿ "ಚೆನ್ನಾಗಿದೆ" ಎಂಬ ಮಾತು ಬರುವವರೆಗೆ ಇತ್ತ ರೋಗಿಯ ಎದೆಗೆ ಕತ್ತರಿ ಹಾಕಬಾರದು. ಪೆಟ್ಟಿಗೆ ಬಂದು ಕೈಸೇರುವವರೆಗೆ ಹಳೆಯ ಹೃದಯವನ್ನು ತೆಗೆಯಬಾರದು.

ಆ ಪೆಟ್ಟಿಗೆಯ ವಿಷಯವನ್ನೂ ಹೇಳಬೇಕು. ಹೃದಯವನ್ನು ತಣ್ಣನೆಯ ದ್ರಾವಣ ತುಂಬಿದ ಚೀಲದಲ್ಲಿಟ್ಟು, ಅದನ್ನು ಇನ್ನೊಂದು ಚೀಲದಲ್ಲಿ, ಮತ್ತೆ ಮೂರನೆಯದರಲ್ಲಿ ಇಟ್ಟು, ಐಸ್ ಬಾಕ್ಸಿನಲ್ಲಿ ಇಡುತ್ತಾರೆ. ಹೊರಗಿನವರಿಗೆ ಕಾಣುವುದು ಮೀನು ಸಾಗಿಸುವಂಥದೇ ಒಂದು ಪೆಟ್ಟಿಗೆ. ತಂಪು ಕಡಿಮೆಯಾದರೆ ಜೀವಕೋಶ ಹಸಿದು ಸಾಯುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು; ತಂಪು ಅತಿಯಾದರೂ ಕೆಡುಕೇ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿರಲಿಲ್ಲ. ಮಂಜುಗಡ್ಡೆಗೆ ಒತ್ತಿಕೊಂಡ ಭಾಗ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿದು ಸ್ನಾಯು ಗಾಸಿಗೊಳ್ಳುತ್ತದೆ. ಈಗ 4ರಿಂದ 8 ಡಿಗ್ರಿಯ ನಡುವೆ ಕಾಯ್ದುಕೊಳ್ಳುವ ಪೆಟ್ಟಿಗೆಗಳು ಬಂದಿವೆ. ಶ್ವಾಸಕೋಶಕ್ಕೆ 10 ಡಿಗ್ರಿಯೇ ಹಿತವೆಂದು ಟೊರಾಂಟೊದ ತಂಡ ತೋರಿಸಿದೆ. ಶ್ವಾಸಕೋಶವನ್ನು ದೇಹದ ಹೊರಗೆ ಪಾರದರ್ಶಕ ಗುಮ್ಮಟದಡಿ ಇಟ್ಟು, ದ್ರಾವಣ ಹರಿಸಿ, ಉಸಿರಾಡಿಸಿ, ಗುಣ ನೋಡಿ ಒಪ್ಪುವ ವಿಧಾನವನ್ನೂ ಅದೇ ತಂಡ ರೂಢಿಗೆ ತಂದಿತು. ಇವೆಲ್ಲ ಬಹಳ ದುಬಾರಿ. ಅವು ಬರಲಿ ಎಂದು ಹಾರೈಸುತ್ತೇನೆ. ಬರುವವರೆಗೆ ಪೆಟ್ಟಿಗೆಯೊಳಗೆ ಒಂದು ಥರ್ಮಾಮೀಟರ್, ಹೊರಗೆ ದಾನಿಯ ಸಂಖ್ಯೆ, ರಕ್ತದ ಗುಂಪು, ರಕ್ತ ನಿಂತ ಸಮಯ ಬರೆದ ಚೀಟಿ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ನೀವು ಓದಿಯೇ ಇರುತ್ತೀರಿ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಅದನ್ನು ಪ್ರಯೋಗಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿದದ್ದು ದಾಖಲಾಗಿದೆ. ಅದನ್ನು ಗಟ್ಟಿಯಾಗಿ ಓದಿದರೆ ಮಾತ್ರ ಪ್ರಯೋಜನ. ಆಪರೇಷನ್ ಮುಗಿದ ಮೇಲೆ ಒಟ್ಟಿಗೆ ಟಿಕ್ ಹಾಕುವುದು ಸುಳ್ಳು ದಾಖಲೆ ಬರೆದಂತೆ.

ಈಗ ರೋಗಿ ಥಿಯೇಟರಿನಿಂದ ತೀವ್ರ ನಿಗಾ ಘಟಕಕ್ಕೆ ದಾಟಿದರು ಎಂದುಕೊಳ್ಳಿ. ಕಸಿಯಾದ ಹೃದಯಕ್ಕೆ ಮಿದುಳಿನಿಂದ ಬರುವ ನರಗಳು ಕಡಿದಿರುತ್ತವೆ. ಅದು ತನ್ನಷ್ಟಕ್ಕೆ ನಿಮಿಷಕ್ಕೆ 90ರಿಂದ 110 ಬಾರಿ ಬಡಿಯುತ್ತದೆ. ಬಡಿತ ಕುಸಿದಾಗ ನಾವು ಕಣ್ಣುಮುಚ್ಚಿ ಕೊಡುವ ಅಟ್ರೋಪಿನ್ ಚುಚ್ಚುಮದ್ದು ಕೆಲಸ ಮಾಡುವುದು ನರದ ಮೂಲಕ. ನರವೇ ಇಲ್ಲದಲ್ಲಿ ಅದರಿಂದ ಪ್ರಯೋಜನವಾಗುವುದಿಲ್ಲ. ಐಸೊಪ್ರಿನಲಿನ್‌ನಂಥ ಔಷಧಿಯೋ ಪೇಸ್‌ಮೇಕರೋ ಬೇಕು. ವರ್ಷಗಳ ನಂತರ ಆ ಹೃದಯದ ರಕ್ತನಾಳ ಕಟ್ಟಿಕೊಂಡರೂ ಎದೆನೋವು ಬಾರದೇ ಇರಬಹುದು. "ನೋವಿಲ್ಲ, ಬರೀ ಸುಸ್ತು" ಎಂದು ಬಂದವರನ್ನು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರೆ ದೊಡ್ಡ ಪ್ರಮಾದ. ಶ್ವಾಸಕೋಶದಲ್ಲೂ ಹೀಗೆಯೇ. ಉಸಿರ್ನಾಳ ಜೋಡಿಸಿದ ಜಾಗದಿಂದ ಕೆಳಗೆ ಕಫ ಕೂತರೂ ಕೆಮ್ಮು ಬರುವುದಿಲ್ಲ. ಕೆಮ್ಮಿಲ್ಲ ಎಂದಾಕ್ಷಣ ಸೋಂಕಿಲ್ಲ ಎನ್ನುವಂತಿಲ್ಲ. ಜೊತೆಗೆ ಶ್ವಾಸಕೋಶ ಪ್ರತಿ ಉಸಿರಿಗೂ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಅಂಗ. ಹೃದಯ ಕಸಿಯಾದ ವಯಸ್ಕರಲ್ಲಿ ಅರ್ಧದಷ್ಟು ಮಂದಿ 12 ವರ್ಷಕ್ಕೂ ಹೆಚ್ಚು ಬದುಕಿದರೆ, ಶ್ವಾಸಕೋಶ ಕಸಿಯಲ್ಲಿ ಆ ಅವಧಿ ಆರೇಳು ವರ್ಷ ಮಾತ್ರ. ಈ ಸಂಗತಿಗಳು ದೊಡ್ಡ ಆಸ್ಪತ್ರೆಯವರಿಗೆ ಗೊತ್ತಿದ್ದರೆ ಸಾಲದು. ರಾತ್ರಿ ಎರಡು ಗಂಟೆಗೆ ಆ ರೋಗಿ ಮೊದಲು ತಲುಪುವುದು ತಾಲ್ಲೂಕು ಆಸ್ಪತ್ರೆಗೆ.

ಕೊನೆಯ ಕೈ ಬದಲಾವಣೆ ಮನೆಗೆ. ಪಾಂಡವಪುರದ ಕಡೆಯ ರೈತರೊಬ್ಬರಿಗೆ ಹೃದಯ ಕಸಿಯಾಗಿತ್ತು. ದೇಹ ಹೊಸ ಹೃದಯವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ತಪ್ಪದೆ ನುಂಗಬೇಕೆಂದು ಹೇಳಿ ಕಳಿಸಿದ್ದರು. ಅವರ ಹೆಂಡತಿ ಒಂದು ದಿನವೂ ತಪ್ಪಿಸಲಿಲ್ಲ. ರಕ್ತಪರೀಕ್ಷೆಯ ದಿನವೂ ಏಳಕ್ಕೆ ಸರಿಯಾಗಿ ಮಾತ್ರೆ ಕೊಟ್ಟು, ಬಸ್ಸು ಹತ್ತಿ ಹತ್ತು ಗಂಟೆಗೆ ಆಸ್ಪತ್ರೆಗೆ ಬಂದರು. ಈ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಅಳೆಯಬೇಕಾದದ್ದು ಬೆಳಗಿನ ಮಾತ್ರೆ ನುಂಗುವ ಮೊದಲು. ನುಂಗಿ ಬಂದದ್ದರಿಂದ ಅಂಕಿ ಹೆಚ್ಚು ತೋರಿತು, ವೈದ್ಯರು ಮಾತ್ರೆ ಕಡಿಮೆ ಮಾಡಿದರು. ಮೂರು ವಾರದಲ್ಲಿ ಅವರ ಕಾಲು ಊದಿಕೊಂಡಿತು. ಬಯಾಪ್ಸಿಯಲ್ಲಿ ದೇಹ ಹೃದಯವನ್ನು ತಿರಸ್ಕರಿಸುತ್ತಿರುವುದು ಕಂಡಿತು. ಸ್ಟೀರಾಯ್ಡ್ ಕೊಟ್ಟು ಉಳಿಸಿಕೊಂಡದ್ದಾಯಿತು. ಆ ತಾಯಿ ತನ್ನಿಂದಲೇ ತಪ್ಪಾಯಿತೇನೋ ಎಂದು ಅತ್ತದ್ದನ್ನು ನಾನು ಮರೆತಿಲ್ಲ. ತಪ್ಪು ಅವರದಲ್ಲ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿತ್ತು. ಅದನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಈಗ ನಾನು ಭಾಗಿಯಾಗುವ ಕಡೆಯೆಲ್ಲ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಹೀಗೆ ಬರೆಸುತ್ತೇನೆ: "ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗಬೇಡಿ. ಡಬ್ಬಿಯಲ್ಲಿ ತನ್ನಿ. ರಕ್ತ ಕೊಟ್ಟ ಕೂಡಲೇ ನುಂಗಿ." ಬರೆಸಿ ಕೊಟ್ಟು ಸುಮ್ಮನಾಗದೆ, "ಅಮ್ಮಾ, ನೀವು ಏನು ಮಾಡ್ತೀರಿ ಅಂತ ನನಗೊಂದ್ಸಲ ಹೇಳಿ" ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳುತ್ತೇನೆ.

ಹೇಳಬೇಕಾದವು ಇನ್ನೂ ಇವೆ. ಮೆಡಿಕಲ್ ಸ್ಟೋರಿನವರು ಅದೇ ಔಷಧಿ ಎಂದು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಕಸಿ ತಂಡವನ್ನು ಕೇಳದೆ ನುಂಗಬಾರದು. ಚಕ್ಕೋತ ಹಣ್ಣು ಈ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ; ಹಿತ್ತಿಲಲ್ಲಿ ಮರವಿದ್ದರೂ ತಿನ್ನುವಂತಿಲ್ಲ. ಎರಿತ್ರೋಮೈಸಿನ್ ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೀವ್ರವಾಗಿ ಇಳಿಸುತ್ತದೆ. ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಇರುವ ಊರು ನಮ್ಮದು. ಕ್ಷಯ ನಮ್ಮ ನಡುವೆ ಇನ್ನೂ ಇದೆ, ಹಾಗಾಗಿ ಇದು ಪುಸ್ತಕದ ಮಾತಲ್ಲ. ಆಲೆಮನೆಯ ಹೊಗೆ, ತಿಪ್ಪೆ ಕೆದಕುವುದು, ಹಳೆಯ ಹುಲ್ಲಿನ ಮೆದೆಯಿಂದ ಹುಲ್ಲು ಹಿರಿಯುವುದು ಶ್ವಾಸಕೋಶ ಕಸಿಯಾದವರಿಗೆ ಸಲ್ಲದು. ಆ ದೂಳಿನಲ್ಲಿರುವ ಬೂಸ್ಟು ಎದೆಯೊಳಗೆ ಬೇರು ಬಿಡುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಪ್ರೀತಿಯಿಂದ ಅಮೃತಬಳ್ಳಿಯ ಕಷಾಯ ಕಾಯಿಸಿ ತರುವ ನೆಂಟರಿಗೆ, ಆ ಶಕ್ತಿಯನ್ನು ತಗ್ಗಿಸಿಯೇ ಈ ಹೃದಯವನ್ನು ಉಳಿಸಿಕೊಂಡಿದ್ದೇವೆ ಎಂದು ಮನೆಯವರು ಬಿಡಿಸಿ ಹೇಳಬೇಕು.

ಉಪನ್ಯಾಸದ ಕೊನೆಯಲ್ಲಿ ಮಳವಳ್ಳಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬರು ಎದ್ದು, ತಮ್ಮ ಅಣ್ಣನಿಗೆ ಕಸಿಯಾಗಿದೆಯೆಂದೂ, ಜ್ವರ ಬಂದರೆ ಎಷ್ಟು ಹೊತ್ತು ಕಾಯಬಹುದೆಂದೂ ಕೇಳಿದರು. ಕಾಯುವಂತಿಲ್ಲ ಎಂದೆ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಕಂಡ ಕೂಡಲೇ, ನಡುರಾತ್ರಿಯಾದರೂ, ಕಸಿ ತಂಡಕ್ಕೆ ಫೋನ್ ಮಾಡಬೇಕು. ಮೊದಲು ಪ್ಯಾರಾಸಿಟಮಾಲ್ ಕೊಟ್ಟು ನೋಡೋಣ ಎನ್ನಬಾರದು, ಜ್ವರದ ಜಾಡು ಅದರಿಂದ ಮುಚ್ಚಿಹೋಗುತ್ತದೆ. ಅವರು ಚೀಲದಿಂದ ಮೊಬೈಲ್ ತೆಗೆದು, ಆ ನಂಬರನ್ನು ಅಣ್ಣನ ಫೋನಿನಲ್ಲಷ್ಟೇ ಬರೆದಿಟ್ಟಿದ್ದೇವೆ, ತಮ್ಮ ಬಳಿ ಇಲ್ಲ ಎಂದರು. ಮನೆಗೆ ಹೋಗುವ ಮೊದಲೇ ಅಣ್ಣನಿಗೆ ಕರೆ ಮಾಡಿ ಬರೆದುಕೊಳ್ಳಿ, ಅಡುಗೆಮನೆಯ ಗೋಡೆಯ ಮೇಲೂ ಒಂದು ಕಡೆ ಬರೆದಿಡಿ ಎಂದು ಹೇಳಿದೆ. ಅವರು ಅಲ್ಲಿಯೇ ನಿಂತು ಕರೆ ಮಾಡಿದರು.